ತಪ್ಪು ಮಕ್ಕಳದೋ, ಪ್ರಶ್ನೆಪತ್ರಿಕೆಯದೋ? ತರಗತಿ ಪರೀಕ್ಷೆಯ ದೋಷ ಹುಡುಕುವ ಕೈಪಿಡಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪರೀಕ್ಷೆಯ ಮಟ್ಟಿಗೆ ಈ ಗಾದೆಯನ್ನು ಪೂರ್ತಿ ನಂಬಬೇಡಿ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳು ಬೇಕಾದಷ್ಟಿವೆ. ತರಗತಿಯಲ್ಲಿ ಎದ್ದು ನಿಂತು ಕಾರಣಸಹಿತ ಉತ್ತರ ಹೇಳುವ ಹುಡುಗಿಗೆ 20ಕ್ಕೆ 9 ಬಂದಿರುತ್ತದೆ, ಪಾಠದ ತಲೆಬುಡ ಹತ್ತದ ಹುಡುಗನಿಗೆ 16. ಆಗ ನಮ್ಮ ಅನುಮಾನ ಮೊದಲು ಮಕ್ಕಳ ಮೇಲೆಯೇ: ಓದಿಲ್ಲ, ಗಮನ ಕೊಟ್ಟಿಲ್ಲ, ಅವಸರ ಮಾಡಿದ್ದಾರೆ. ಇರಬಹುದು. ಆದರೆ ಹಾಗೆಂದು ಷರಾ ಬರೆಯುವ ಮುಂಚೆ ಪ್ರಶ್ನೆಪತ್ರಿಕೆಯನ್ನೂ ಅಂಕ ಕೊಟ್ಟ ಬಗೆಯನ್ನೂ ಒಂದು ಸಲ ತಪಾಸಣೆ ಮಾಡಬೇಕು. ಅಂಕ ಹೆಚ್ಚಾಗುವುದಕ್ಕೂ ಕಡಿಮೆಯಾಗುವುದಕ್ಕೂ ಕಲಿಕೆ ಬಿಟ್ಟು ಬೇರೆ ಕಾರಣ ಏನಾದರೂ ಇದೆಯೇ ಎಂಬ ಒಂದೇ ಪ್ರಶ್ನೆಯ ಸುತ್ತ ಈ ಕೈಪಿಡಿ ಸುತ್ತುತ್ತದೆ.

ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ಹಿಂದಿರುಗಿಸುವ ಮೊದಲೇ ಈ ಕೆಲಸ ಆಗಲಿ. ಆಮೇಲೆ ಒಬ್ಬರು ತಂದರೆ ಇನ್ನೊಬ್ಬರು ತರುವುದಿಲ್ಲ.

ಮೊದಲು ಒಂದು ಪಟ್ಟಿ

ಒಟ್ಟು ಅಂಕ ನೋಡಿದರೆ ದೋಷ ಕಾಣುವುದಿಲ್ಲ. ಎಡಗಡೆ ಮಕ್ಕಳ ಹೆಸರು, ಹೆಚ್ಚು ಅಂಕದವರು ಮೇಲೆ ಬರುವಂತೆ. ಮೇಲ್ಗಡೆ ಪ್ರಶ್ನೆ ಸಂಖ್ಯೆ. ಸರಿಯಿದ್ದರೆ 1, ತಪ್ಪಿದ್ದರೆ 0, ಬರೆಯದೇ ಬಿಟ್ಟಿದ್ದರೆ ಒಂದು ಗೀಟು. ತಪ್ಪು ಮತ್ತು ಖಾಲಿ ಎರಡಕ್ಕೂ 0 ಹಾಕಿಬಿಟ್ಟರೆ ಅರ್ಧ ಸಾಕ್ಷ್ಯ ಅಲ್ಲೇ ಅಳಿಸಿಹೋಗುತ್ತದೆ, ಹಾಗಾಗಿ ಆ ಗೀಟು ಮರೆಯಬೇಡಿ. ಸುಲಭದ ಪ್ರಶ್ನೆಗಳು ಎಡಕ್ಕೆ, ಕಷ್ಟದವು ಬಲಕ್ಕೆ ಬರುವಂತೆ ಕಾಲಂಗಳನ್ನೂ ಜೋಡಿಸಿದರೆ ಇನ್ನೂ ಒಳ್ಳೆಯದು. ಜಪಾನಿನ ತಕಹಿರೊ ಸಾಟೊ 1970ರ ದಶಕದಲ್ಲಿ ಇಂಥ ಪಟ್ಟಿಯನ್ನೇ ಎಸ್-ಪಿ (ವಿದ್ಯಾರ್ಥಿ-ಪ್ರಶ್ನೆ) ಪಟ್ಟಿ ಎಂಬ ಹೆಸರಿನಲ್ಲಿ ಒಂದು ಪದ್ಧತಿಯಾಗಿ ರೂಪಿಸಿದರು. ಎಲ್ಲ ಸರಿಯಿದ್ದರೆ 1ಗಳು ಮೇಲಿನ ಎಡಮೂಲೆಯಲ್ಲಿ, 0ಗಳು ಕೆಳಗಿನ ಬಲಮೂಲೆಯಲ್ಲಿ ಗುಂಪುಗೂಡುತ್ತವೆ. ಯಾವ ಕಾಲಂನಲ್ಲಿ ಈ ಕ್ರಮ ಕದಡಿದೆಯೋ ಆ ಪ್ರಶ್ನೆಯಲ್ಲಿ ಏನೋ ಇದೆ. ಯಾವ ಸಾಲಿನಲ್ಲಿ ಕದಡಿದೆಯೋ ಆ ಮಗುವನ್ನು ಕರೆದು ಮಾತಾಡಿಸಬೇಕು.

ಕಂಪ್ಯೂಟರಿನಲ್ಲಿ ಮಾಡಿದರೆ ಬೇಗ ಆಗುತ್ತದೆ. ಚೌಕಳಿ ಹಾಳೆಯಲ್ಲಿ ಮಾಡಿದರೆ ಕಣ್ಣಿಗೆ ಚೆನ್ನಾಗಿ ಹಿಡಿಯುತ್ತದೆ.

ಲಕ್ಷಣ: ಬಲ್ಲವರು ತಪ್ಪಿದ್ದಾರೆ, ಬಾರದವರು ಸರಿ ಬರೆದಿದ್ದಾರೆ

ಮೊದಲು ಕೀ ಉತ್ತರ ನೋಡಿ. ನಗಬೇಡಿ, ಇಂಥ ಕಾಲಂಗಳಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದು ಅದೇ: 'ಬಿ' ಎಂದಿರಬೇಕಾದ ಕಡೆ 'ಸಿ' ಇರುತ್ತದೆ. ಕೀ ಸರಿಯಿದ್ದರೆ ಎರಡನೆಯ ಅನುಮಾನ, ಪ್ರಶ್ನೆಗೆ ಎರಡು ಸರಿಯುತ್ತರ ಇರಬಹುದು. ಸ್ವಲ್ಪ ಆಳವಾಗಿ ಯೋಚಿಸುವ ಮಗುವಿಗೆ ಎರಡನೆಯದೂ ಕಾಣುತ್ತದೆ, ಮೇಲುಮೇಲೆ ಓದಿದವರಿಗೆ ಕಾಣುವುದಿಲ್ಲ. 'ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?' ಎಂಬ ಬಗೆಯ ಪ್ರಶ್ನೆಯೂ ಇಲ್ಲೇ ಕಾಟ ಕೊಡುತ್ತದೆ. ಕನ್ನಡದಲ್ಲಿ ನಿಷೇಧ ಬಂದು ಕೂರುವುದು ಪದದ ಬಾಲದಲ್ಲಿ. ಕಣ್ಣು ಅಲ್ಲಿಗೆ ತಲುಪುವಷ್ಟರಲ್ಲಿ ಮಗು ಉತ್ತರ ಗುರುತಿಸಿಬಿಟ್ಟಿರುತ್ತದೆ. ಅಂಥ ಪ್ರಶ್ನೆ ಬೇಕೇ ಬೇಕು ಎಂದಾದರೆ 'ಅಲ್ಲ' ಭಾಗಕ್ಕೆ ಅಡಿಗೆರೆ ಹಾಕಿ. ಬೇಡದಿದ್ದರೆ ತೆಗೆಯಿರಿ.

ಅನುಮಾನವನ್ನು ಅಂಕಿಯಲ್ಲಿ ನೋಡಬೇಕೆಂದರೆ, ಬಲ್ಲವರನ್ನೂ ಬಾರದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂದು ಹೇಳುವ ತಾರತಮ್ಯ ಸೂಚ್ಯಂಕ ಲೆಕ್ಕ ಹಾಕಿ. ಟ್ರೂಮನ್ ಕೆಲ್ಲಿ 1939ರಲ್ಲಿ ತೋರಿಸಿಕೊಟ್ಟಂತೆ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಮಕ್ಕಳನ್ನು ಹೋಲಿಸುವುದು ರೂಢಿ. 40 ಮಕ್ಕಳ ತರಗತಿಯಲ್ಲಿ ಅದು 11 ಮತ್ತು 11. ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 4 ಜನ ಸರಿ ಬರೆದಿದ್ದರೆ 9ರಿಂದ 4 ಕಳೆದು 11ರಿಂದ ಭಾಗಿಸಿ: 0.45. ಇದು ಒಳ್ಳೆಯ ಪ್ರಶ್ನೆ. ಮೇಲಿನವರು 3, ಕೆಳಗಿನವರು 6 ಆದರೆ ಉತ್ತರ -0.27, ಅಂಥ ಪ್ರಶ್ನೆಯನ್ನು ಹಾಗೇ ಬಿಡುವಂತಿಲ್ಲ. 0.20ಕ್ಕಿಂತ ಕೆಳಗಿದ್ದರೆ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿ, 0.40 ದಾಟಿದರೆ ನಿಶ್ಚಿಂತೆ ಎಂಬ ಅಳತೆ ಪರೀಕ್ಷಾ ತಜ್ಞ ರಾಬರ್ಟ್ ಎಬೆಲ್ ಅವರ ಕಾಲದಿಂದ ಬಳಕೆಯಲ್ಲಿದೆ.

ಈ ಸಂಖ್ಯೆಯನ್ನು ದೇವರ ವಾಕ್ಯ ಮಾಡಿಕೊಳ್ಳಬೇಡಿ. 11 ಮಕ್ಕಳ ಗುಂಪಿನಲ್ಲಿ ಒಂದೇ ಒಂದು ಮಗು ಉತ್ತರ ಬದಲಿಸಿದರೆ ಸೂಚ್ಯಂಕ 0.09ರಷ್ಟು ಜಿಗಿಯುತ್ತದೆ. ಇನ್ನೊಂದು ಮಾತು: ಪಾಠ ಎಲ್ಲರಿಗೂ ಮುಟ್ಟಿ ಎಲ್ಲರೂ ಸರಿ ಬರೆದರೆ ಸೂಚ್ಯಂಕ 0 ಬರುತ್ತದೆ. ಅದು ದೋಷವೇ ಅಲ್ಲ. ಮಕ್ಕಳನ್ನು ಮೇಲೆ ಕೆಳಗೆ ವಿಂಗಡಿಸುವ ಪರೀಕ್ಷೆಗಾಗಿ ಹುಟ್ಟಿದ ಅಳತೆಯನ್ನು, ಮಾನದಂಡ ಮುಟ್ಟಿದರೋ ಇಲ್ಲವೋ ಎಂದು ನೋಡುವ ಪರೀಕ್ಷೆಗೆ ಹಾಗ್ಹಾಗೇ ಅಂಟಿಸಿದರೆ ಒಳ್ಳೊಳ್ಳೆ ಪ್ರಶ್ನೆಗಳನ್ನೇ ಕಿತ್ತೆಸೆಯುತ್ತೇವೆ. ಋಣ ಸಂಖ್ಯೆ ಬಂದಾಗ ಮಾತ್ರ ಎರಡೂ ಬಗೆಯ ಪರೀಕ್ಷೆಗಳಲ್ಲಿ ಎಚ್ಚರಗೊಳ್ಳಬೇಕು.

ಲಕ್ಷಣ: ಪರೀಕ್ಷೆಯಲ್ಲಿ ಎಲ್ಲರೂ ಸರಿ, ಮುಂದಿನ ಪಾಠಕ್ಕೆ ಬಂದರೆ ಯಾರಿಗೂ ಬರುವುದಿಲ್ಲ

ಈ ದೋಷದ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಅಂಕ ಚೆನ್ನಾಗಿದ್ದರೆ ಯಾರಿಗೆ ಬೇಕು ತಪಾಸಣೆ? ಅದಕ್ಕೇ ಇದು ವರ್ಷಾನುಗಟ್ಟಲೆ ಹಾಗೇ ಉಳಿಯುತ್ತದೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. 'ಇವುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು? 0.5, 0.45, 0.125.' ನೋಡಲು ಯಾವ ತಕರಾರೂ ಇಲ್ಲ. ದಶಮಾಂಶ ಕಲಿಯುವ ಮಕ್ಕಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಸಾಮಾನ್ಯ. ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂದುಕೊಂಡವರು 0.125 ಆರಿಸುತ್ತಾರೆ, ಅವರು ಸಿಕ್ಕಿಬೀಳುತ್ತಾರೆ. ಇನ್ನು ಕೆಲವರು ಇದಕ್ಕೆ ಉಲ್ಟಾ: ಸಾವಿರದ ಭಾಗ ಎಂದರೆ ಚೂರು, ಹತ್ತರ ಭಾಗ ಎಂದರೆ ದೊಡ್ಡ ತುಂಡು, ಹಾಗಾಗಿ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂಬ ನಂಬಿಕೆ. ಅವರು 0.5 ಆರಿಸಿ ಪೂರ್ಣ ಅಂಕ ತೆಗೆದುಕೊಂಡು ಹೋಗುತ್ತಾರೆ. ಯೋಚನೆ ತಪ್ಪು, ಉತ್ತರ ಸರಿ. ಈಗ ಆಯ್ಕೆಗಳನ್ನು 0.3, 0.48, 0.275 ಎಂದು ಬದಲಿಸಿ. ಮೊದಲನೆಯವರು 0.275ಕ್ಕೆ ಹೋಗುತ್ತಾರೆ, ಎರಡನೆಯವರು 0.3ಕ್ಕೆ, ಸ್ಥಾನಬೆಲೆ ತಿಳಿದವರು ಮಾತ್ರ 0.48ಕ್ಕೆ. ಪ್ರಶ್ನೆಯ ವಾಕ್ಯ ಒಂದಕ್ಷರ ಬದಲಾಗಿಲ್ಲ, ಆದರೂ ಯಾರ ಗೊಂದಲ ಎಲ್ಲಿದೆ ಎಂಬುದು ಗುರುತು ಹಾಕಿದ ಆಯ್ಕೆಯಲ್ಲೇ ಗೊತ್ತಾಗುತ್ತದೆ.

ಹೀಗೆ ಪರೀಕ್ಷಿಸುವುದು ಕಷ್ಟವಲ್ಲ. ಪ್ರತಿ ತಪ್ಪು ಆಯ್ಕೆಯ ಎದುರು 'ಇದನ್ನು ಆರಿಸುವ ಮಗು ಏನೆಂದು ಯೋಚಿಸಿರುತ್ತದೆ?' ಎಂದು ಒಂದು ಸಾಲು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಆಯ್ಕೆ ಬರೀ ಜಾಗ ತುಂಬಲು ಕೂತಿದೆ. ನಾಲ್ಕನೆಯ ಆಯ್ಕೆಗಾಗಿ ತಲೆ ಕೆರೆದುಕೊಳ್ಳುವವರಿಗೆ ಸಮಾಧಾನದ ಸುದ್ದಿ: 80 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ ಮೈಕೆಲ್ ರಾಡ್ರಿಗಸ್ 2005ರಲ್ಲಿ ಬಂದ ತೀರ್ಮಾನ, ಬಹು ಆಯ್ಕೆ ಪ್ರಶ್ನೆಗೆ ಮೂರು ಆಯ್ಕೆ ಸಾಕು ಎಂಬುದು.

ಸುಳಿವು ಬಿಟ್ಟುಕೊಡುವ ಪ್ರಶ್ನೆಗಳನ್ನೂ ಇಲ್ಲೇ ಹಿಡಿಯಬೇಕು. ಸರಿಯುತ್ತರವೇ ಎಲ್ಲಕ್ಕಿಂತ ಉದ್ದ ಇರುತ್ತದೆ, ಏಕೆಂದರೆ ಅದನ್ನು ನಾವು ಕಾಳಜಿಯಿಂದ ಬರೆದಿರುತ್ತೇವೆ. 'ಯಾವಾಗಲೂ', 'ಎಂದಿಗೂ' ಇದ್ದ ಆಯ್ಕೆ ತಪ್ಪು ಎಂದು ಮಕ್ಕಳಿಗೆ ಬಾಯಿಪಾಠವಾಗಿದೆ. ಕನ್ನಡದಲ್ಲಿ ಲಿಂಗ, ವಚನವೂ ಗುಟ್ಟು ಬಿಟ್ಟುಕೊಡುತ್ತವೆ: 'ಎರಡು ಸಲ ನೊಬೆಲ್ ಪಡೆದ ಮೊದಲ ವಿಜ್ಞಾನಿ ಇವಳು' ಎಂದು ಕೇಳಿ, ಆಯ್ಕೆಗಳಲ್ಲಿ ಮೇರಿ ಕ್ಯೂರಿ ಜೊತೆಗೆ ಮೂವರು ಗಂಡಸರ ಹೆಸರು ಕೊಟ್ಟರೆ ವಿಜ್ಞಾನದ ಗಂಧವಿಲ್ಲದವರೂ ಅಂಕ ಪಡೆಯುತ್ತಾರೆ.

ಸರಿ-ತಪ್ಪು ಪ್ರಶ್ನೆಗಳನ್ನು ನಾನಂತೂ ಅಂಕಕ್ಕೆ ಬಳಸುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಅಂಥ 10 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕುವ ನೂರು ಮಕ್ಕಳಲ್ಲಿ ಸುಮಾರು 38 ಮಂದಿ 6 ಅಥವಾ ಹೆಚ್ಚು ಅಂಕ ಪಡೆಯಬಹುದು. ಮೂರು ಆಯ್ಕೆ ಇದ್ದರೆ ಆ ಸಂಖ್ಯೆ ಸುಮಾರು 8ಕ್ಕೆ, ನಾಲ್ಕಿದ್ದರೆ 2ಕ್ಕೆ ಇಳಿಯುತ್ತದೆ. ಪಾಠದ ನಡುವೆ ಕೈ ಎತ್ತಿಸಿ ಕೇಳಲು ಸರಿ-ತಪ್ಪು ಚೆನ್ನ, ತೇರ್ಗಡೆ ನಿರ್ಧರಿಸಲು ಅಲ್ಲ.

ಲಕ್ಷಣ: ಮಾನದಂಡ ಹೇಳುವುದೊಂದು, ಪ್ರಶ್ನೆ ಕೇಳುವುದು ಇನ್ನೊಂದು

ಎಲ್ಲ ದೋಷಗಳ ತಾಯಿಬೇರು ಇದು. ಪತ್ತೆ ಮಾಡಲು ಒಂದು ಉಪಾಯ: ಪ್ರಶ್ನೆಪತ್ರಿಕೆಯನ್ನು ಮಾತ್ರ ಎದುರಿಗಿಟ್ಟುಕೊಂಡು, ಕಲಿಕಾ ಫಲದ (ಪಾಠ ಮುಗಿದಾಗ ಮಗುವಿಗೆ ಏನು ಬರಬೇಕು ಎಂಬ ಮಾನದಂಡದ) ಪಟ್ಟಿಯನ್ನು ಮುಚ್ಚಿಟ್ಟು, ಪ್ರತಿ ಪ್ರಶ್ನೆಗೆ ಅಂಕ ಗಳಿಸಲು ಮಗು ನಿಜಕ್ಕೂ ಏನು ಮಾಡಬೇಕು ಎಂದು ಬರೆಯಿರಿ. 'ನೆನಪಿಸಿಕೊಳ್ಳಬೇಕು', 'ಸೂತ್ರಕ್ಕೆ ಸಂಖ್ಯೆ ಹಾಕಬೇಕು', 'ಎರಡನ್ನು ಹೋಲಿಸಿ ಕಾರಣ ಕೊಡಬೇಕು', ಹೀಗೆ. ಆಮೇಲೆ ಕಲಿಕಾ ಫಲಗಳನ್ನು ತೆರೆದು ಹೊಂದಿಸಿ ನೋಡಿ. ಸಹೋದ್ಯೋಗಿಯೊಬ್ಬರು ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಪ್ರಶ್ನೆ ತಯಾರಿಸಿದವರಿಗೆ ತಮ್ಮ ಉದ್ದೇಶ ಪ್ರಶ್ನೆಯೊಳಗೇ ಇದೆ ಎಂದು ಕಾಣುತ್ತಿರುತ್ತದೆ.

ಉದಾಹರಣೆಗೆ, ಕಲಿಕಾ ಫಲ ಹೀಗಿದೆ ಎನ್ನಿ: 'ಆವೀಕರಣದ ವೇಗದ ಮೇಲೆ ಪ್ರಭಾವ ಬೀರುವ ಅಂಶಗಳನ್ನು ಪರೀಕ್ಷಿಸಲು ಸರಳ ಪ್ರಯೋಗ ರೂಪಿಸುವರು.' ಪತ್ರಿಕೆಯಲ್ಲಿರುವುದು: 'ಆವೀಕರಣ ಎಂದರೇನು?' ಒಂದು ಅಂಕ. 'ಆವೀಕರಣದ ಮೇಲೆ ಪ್ರಭಾವ ಬೀರುವ ಮೂರು ಅಂಶಗಳನ್ನು ಬರೆಯಿರಿ.' ಮೂರು ಅಂಕ. ನಾಲ್ಕಕ್ಕೆ ನಾಲ್ಕು ಪಡೆದ ಮಗುವಿಗೆ ಪ್ರಯೋಗ ರೂಪಿಸಲು ಬರುತ್ತದೆ ಎನ್ನಲು ಒಂದು ತುಣುಕು ಆಧಾರವೂ ಇಲ್ಲ. ಇದರ ಬದಲು ಹೀಗೆ ಕೇಳಬಹುದು: 'ಹರವು ಹೆಚ್ಚಿದಷ್ಟೂ ನೀರು ಬೇಗ ಆವಿಯಾಗುತ್ತದೆಯೇ ಎಂದು ನೋಡಲು ಒಬ್ಬಳು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಬಿಸಿಲಿನಲ್ಲಿಟ್ಟಳು, ಅಷ್ಟೇ ನೀರನ್ನು ಕಿರಿದಾದ ಲೋಟದಲ್ಲಿ ಹಾಕಿ ನೆರಳಿನಲ್ಲಿಟ್ಟಳು. ಅವಳ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ? ನೀವಾದರೆ ಏನು ಬದಲಿಸುತ್ತೀರಿ, ಏಕೆ?' ಎರಡು ಅಂಶಗಳು ಒಟ್ಟಿಗೆ ಬದಲಾಗಿವೆ ಎಂಬುದನ್ನು ಹಿಡಿದವರಿಗೆ ಪ್ರಯೋಗ ಎಂದರೇನೆಂದು ಗೊತ್ತಿದೆ.

ಕ್ರಿಯಾಪದ ನೋಡಿ ಮೋಸ ಹೋಗಬೇಡಿ. ಕಲಿಕೆಯನ್ನು ಬರೀ ನೆನಪಿನಿಂದ ಹಿಡಿದು ಮೇಲ್ಮಟ್ಟದ ಯೋಚನೆಯವರೆಗೆ ಹಂತಗಳಾಗಿ ವಿಂಗಡಿಸುವ ಬ್ಲೂಮ್ ವರ್ಗೀಕರಣ 1956ರಲ್ಲಿ ಬಂದು 2001ರಲ್ಲಿ ಪರಿಷ್ಕಾರಗೊಂಡ ಮೇಲೆ 'ವಿಶ್ಲೇಷಿಸಿ', 'ವಿವರಿಸಿ' ಎಂಬ ಪದಗಳ ಪಟ್ಟಿಗಳು ಎಲ್ಲ ಕಡೆ ಓಡಾಡುತ್ತಿವೆ. ಪದ ಬದಲಿಸಿದ ಮಾತ್ರಕ್ಕೆ ಹಂತ ಬದಲಾಗುವುದಿಲ್ಲ. 'ಕಾರಣ ವಿಶ್ಲೇಷಿಸಿ' ಎಂದು ಕೇಳಿದ ಪ್ರಶ್ನೆಯ ಉತ್ತರವನ್ನು ನೀವೇ ಹಿಂದಿನ ವಾರ ನೋಟ್ಸ್ ಬರೆಸಿದ್ದರೆ ಅದು ಬರೀ ನೆನಪಿನ ಪರೀಕ್ಷೆ. ಈ ತಾಪತ್ರಯಕ್ಕೆ ನಾರ್ಮನ್ ವೆಬ್ 1997ರಲ್ಲಿ ಮುಂದಿಟ್ಟ 'ಜ್ಞಾನದ ಆಳ'ದ ವಿಚಾರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ನೋಡುವುದು ಪದವನ್ನಲ್ಲ, ಉತ್ತರ ತಲುಪಲು ಮಗು ನಡೆಸಬೇಕಾದ ಯೋಚನೆಯನ್ನು.

ತೂಕವನ್ನೂ ನೋಡಿ. ಹತ್ತು ಪೀರಿಯಡ್‌ಗಳಲ್ಲಿ ಆರನ್ನು ಒಂದು ಕಲಿಕಾ ಫಲಕ್ಕೆ ಕೊಟ್ಟು, ಪರೀಕ್ಷೆಯಲ್ಲಿ ಅದಕ್ಕೆ 20ರಲ್ಲಿ 2 ಅಂಕ ಇಟ್ಟಿದ್ದರೆ ನೀಲನಕ್ಷೆಯನ್ನು (ಯಾವ ಕಲಿಕಾ ಫಲಕ್ಕೆ ಎಷ್ಟು ಅಂಕ ಎಂಬ ಪಟ್ಟಿಯನ್ನು) ಪ್ರಶ್ನೆ ಬರೆದಾದ ಮೇಲೆ ತುಂಬಿಸಿದ್ದೀರಿ ಎಂದೇ ಅರ್ಥ. ಅದು ಮೊದಲು ಬರಬೇಕಾದ ಕಾಗದ. ಹಾಗೆಯೇ ಒಂದು ಕಲಿಕಾ ಫಲಕ್ಕೆ ಒಂದೇ ಪ್ರಶ್ನೆ ಇದ್ದರೆ ಆ ಫಲದ ಬಗ್ಗೆ ತೀರ್ಪು ಕೊಡುವ ಧೈರ್ಯ ಮಾಡಬೇಡಿ. ಬೇರೆ ಬೇರೆ ರೂಪದ ಮೂರು ಪ್ರಶ್ನೆಗಳಾದರೂ ಬೇಕು.

ಲಕ್ಷಣ: ಕೊನೆಯ ಪುಟ ಖಾಲಿ

ಪಟ್ಟಿಯಲ್ಲಿ ಗೀಟುಗಳು ಎಲ್ಲಿವೆ ನೋಡಿ. ಪತ್ರಿಕೆಯ ಕೊನೆಯ ಪ್ರಶ್ನೆಗಳಲ್ಲೇ ಗುಂಪಾಗಿದ್ದರೆ ಸಮಯ ಸಾಲದಾಗಿದೆ (ಕಾಲಂಗಳನ್ನು ಸುಲಭ-ಕಷ್ಟದ ಕ್ರಮದಲ್ಲಿ ಜೋಡಿಸಿದ್ದರೆ ಪ್ರಶ್ನೆ ಸಂಖ್ಯೆ ನೋಡಿ). ಅಲ್ಲಲ್ಲಿ ಚದುರಿದ್ದರೆ ವಿಷಯ ಕಷ್ಟ. ನಡುವೆ ಒಂದೇ ಕಾಲಂ ಪೂರ್ತಿ ಖಾಲಿಯಿದ್ದರೆ ಹಾಳೆಯ ಹಿಂಬದಿ ಮಕ್ಕಳಿಗೆ ಕಂಡಿಲ್ಲ, ಅಥವಾ ಚಿತ್ರ ಸರಿಯಾಗಿ ಅಚ್ಚಾಗಿಲ್ಲ. ಪರಿಹಾರ ಗೊತ್ತಿದ್ದದ್ದೇ: ನೀವೇ ಕೂತು ಉತ್ತರ ಪೂರ್ತಿ ಬರೆದು, ಆದ ಸಮಯದ ಸುಮಾರು ಮೂರು ಪಟ್ಟು ಮಕ್ಕಳಿಗೆ ಕೊಡಿ.

ಲಕ್ಷಣ: ಕೆಲವೇ ಮಕ್ಕಳು ಒಂದೇ ಪ್ರಶ್ನೆಯಲ್ಲಿ ಎಡವುತ್ತಾರೆ

ಉಳಿದೆಲ್ಲ ಪ್ರಶ್ನೆಗಳಲ್ಲಿ ಸಮಸಮ ಇದ್ದವರಲ್ಲಿ ಒಂದು ಗುಂಪು ಮಾತ್ರ ಒಂದು ಪ್ರಶ್ನೆಯಲ್ಲಿ ಹಿಂದೆ ಬಿದ್ದರೆ ಆ ಪ್ರಶ್ನೆ ಪಾಠ ಬಿಟ್ಟು ಬೇರೇನನ್ನೋ ಅಳೆಯುತ್ತಿದೆ. ದೊಡ್ಡ ಪರೀಕ್ಷೆಗಳಲ್ಲಿ ಇದನ್ನು ಹಿಡಿಯಲು ಮ್ಯಾಂಟೆಲ್-ಹೆನ್ಸೆಲ್ ಎಂಬ ಸಂಖ್ಯಾಶಾಸ್ತ್ರದ ವಿಧಾನವಿದೆ. ಒಂದು ತರಗತಿಯ ಮಕ್ಕಳ ಸಂಖ್ಯೆ ಅದಕ್ಕೆ ಸಾಲದು, ಇಲ್ಲಿ ಕಣ್ಣು ಕಿವಿಯೇ ಸಾಧನ.

ಮೊದಲ ಶಂಕಿತ, ಭಾಷೆ. ಶೇಕಡಾವಾರು ಲೆಕ್ಕದ ಈ ಪ್ರಶ್ನೆ ನೋಡಿ: 'ಸಂಸ್ಥೆಯೊಂದು ತನ್ನ ವಾರ್ಷಿಕ ಸಮಾವೇಶದ ಅಂಗವಾಗಿ ಹಮ್ಮಿಕೊಂಡಿದ್ದ ಪ್ರದರ್ಶನಕ್ಕೆ ಆಗಮಿಸಿದ್ದ 240 ಸಂದರ್ಶಕರ ಪೈಕಿ ಶೇ. 35ರಷ್ಟು ಮಂದಿ ಮಕ್ಕಳಾಗಿದ್ದಲ್ಲಿ, ವಯಸ್ಕ ಸಂದರ್ಶಕರ ಸಂಖ್ಯೆಯನ್ನು ಕಂಡುಹಿಡಿಯಿರಿ.' ಇದನ್ನೇ 'ಪ್ರದರ್ಶನಕ್ಕೆ 240 ಜನ ಬಂದರು. ಅವರಲ್ಲಿ ಶೇ. 35 ಮಕ್ಕಳು, ಉಳಿದವರು ದೊಡ್ಡವರು. ದೊಡ್ಡವರು ಎಷ್ಟು ಜನ?' ಎಂದು ಕೇಳಿದರೆ ಲೆಕ್ಕ ಒಂದಿಷ್ಟೂ ಸುಲಭವಾಗುವುದಿಲ್ಲ, ಉತ್ತರ ಎರಡರಲ್ಲೂ 156. ಕಡಿಮೆಯಾಗುವುದು ಓದಿನ ಭಾರ ಮಾತ್ರ. ದೋಷ ಭಾಷೆಯದೇ ಎಂದು ಖಚಿತ ಮಾಡಿಕೊಳ್ಳಬೇಕೆಂದರೆ ತಪ್ಪು ಬರೆದ ಇಬ್ಬರನ್ನು ಕರೆದು ಪ್ರಶ್ನೆಯನ್ನು ನೀವೇ ಓದಿ ಹೇಳಿ. ಥಟ್ಟನೆ ಲೆಕ್ಕ ಮಾಡಿದರೆ ಪ್ರಶ್ನೆ ಅಳೆದದ್ದು ಓದನ್ನು.

ಎರಡನೆಯದು, ಹಿನ್ನೆಲೆ ತಿಳಿವಳಿಕೆ. ಚದುರಂಗದ ಹಾಸಿನ ಚೌಕಗಳ ಮೇಲೆ ಲೆಕ್ಕ ಕೊಟ್ಟು, ಚೌಕಗಳು 64 ಎಂದು ಪ್ರಶ್ನೆಯಲ್ಲಿ ಹೇಳದಿದ್ದರೆ ಆ ಆಟ ಆಡುವವರಿಗೆ ಅದು ಪುಕ್ಕಟೆ ಅಂಕ. ಮೂರನೆಯದು, ಚಿತ್ರ. ನಕ್ಷೆಯ ಗೆರೆಗಳನ್ನು ಕೆಂಪು ಹಸಿರಿನಿಂದಷ್ಟೇ ಬೇರೆ ಮಾಡಿದ್ದರೆ ಬಣ್ಣಗುರುಡು ಇರುವ ಮಗುವಿಗೆ ಎರಡೂ ಒಂದೇ. ಒಂದು ಗೆರೆಯನ್ನು ಚುಕ್ಕಿಗೆರೆ ಮಾಡಿದರೆ ಮುಗಿಯಿತು.

ವಿಶೇಷ ಅಗತ್ಯದ ಮಕ್ಕಳಿಗೆ ಹೆಚ್ಚು ಸಮಯ, ದೊಡ್ಡ ಅಕ್ಷರ, ಓದಿ ಹೇಳುವವರು ಕೊಡುವುದು ರಿಯಾಯಿತಿ ಅಲ್ಲ, ಅಡ್ಡಿ ತೆಗೆಯುವುದು. ಎಲ್ಲಿ ನಿಲ್ಲಬೇಕು ಎಂದು ಕಲಿಕಾ ಫಲವೇ ಹೇಳುತ್ತದೆ: ವಿಜ್ಞಾನದ ಪ್ರಶ್ನೆಯನ್ನು ಓದಿ ಹೇಳಬಹುದು, ಓದುವ ಸಾಮರ್ಥ್ಯವನ್ನೇ ಅಳೆಯುವ ಗದ್ಯಭಾಗವನ್ನು ಓದಿ ಹೇಳಿದರೆ ಅಳೆಯಲು ಏನೂ ಉಳಿಯುವುದಿಲ್ಲ.

ಲಕ್ಷಣ: ಒಂದೇ ಉತ್ತರ, ಬೇರೆ ಬೇರೆ ಅಂಕ

1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳಿಗೆ ನೂರಕ್ಕೂ ಹೆಚ್ಚು ಶಿಕ್ಷಕರಿಂದ ಅಂಕ ಹಾಕಿಸಿದರು. ಅಂಕಗಳು ಎಲ್ಲೆಂದರಲ್ಲಿ ಚದುರಿದವು. ಭಾಷಾ ವಿಷಯವಾದ್ದರಿಂದ ಹೀಗೆ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಮರುವರ್ಷ ರೇಖಾಗಣಿತದ ಪತ್ರಿಕೆಯಲ್ಲೂ ಅದನ್ನೇ ಮಾಡಿದರು. ಒಂದೇ ಪತ್ರಿಕೆಗೆ ನೂರಕ್ಕೆ 30ಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು, 90ಕ್ಕಿಂತ ಹೆಚ್ಚು ಕೊಟ್ಟವರೂ ಇದ್ದರು.

ನಿಮ್ಮಲ್ಲಿ ಈ ದೋಷ ಎಷ್ಟಿದೆ ಎಂದು ತಿಳಿಯಲು, ಮೊದಲು ತಿದ್ದಿದ ಐದು ಪತ್ರಿಕೆಗಳ ಅಂಕ ಬೇರೆ ಕಡೆ ಬರೆದಿಟ್ಟು ಕೊನೆಯಲ್ಲಿ ಅವನ್ನು ಹೊಸದಾಗಿ ತಿದ್ದಿ. ವ್ಯತ್ಯಾಸ ಕಂಡರೆ ಅಂಕ ಯೋಜನೆ ಸಡಿಲವಿದೆ. 'ಚೆನ್ನಾಗಿದೆ, ಸಾಧಾರಣ, ಕಳಪೆ' ಎಂಬ ರೂಬ್ರಿಕ್ (ಅಂಕ ಕೊಡುವ ಅಳತೆಪಟ್ಟಿ) ರೂಬ್ರಿಕ್ಕೇ ಅಲ್ಲ. 'ಬದಲಾಗಬೇಕಾದ ಅಂಶ ಯಾವುದೆಂದು ಹೇಳಿದೆ: 1, ಸ್ಥಿರವಾಗಿಡಬೇಕಾದ ಒಂದು ಅಂಶವನ್ನಾದರೂ ಹೆಸರಿಸಿದೆ: 1, ಕಾರಣ ಕೊಟ್ಟಿದೆ: 1' ಎಂದಿದ್ದರೆ ಸಂಜೆ ಸುಸ್ತಾಗಿ ತಿದ್ದಿದರೂ ಅಂಕ ಅಲುಗಾಡುವುದಿಲ್ಲ. ಹೆಸರು ಕಾಣದಂತೆ ಪುಟ ಮಡಚಿ. ಒಂದು ಮಗುವಿನ ಪತ್ರಿಕೆ ಪೂರ್ತಿ ತಿದ್ದುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ, ಹೀಗೆ ಹೋಗಿ. ಮುದ್ದಾದ ಅಕ್ಷರದ ಮೊದಲ ಉತ್ತರ ಮೂರನೆಯ ಉತ್ತರಕ್ಕೆ ಅಂಕ ಗಳಿಸಿಕೊಡುವುದು ಇದರಿಂದ ನಿಲ್ಲುತ್ತದೆ. (ಎ)ಯ ಉತ್ತರ ಹಿಡಿದು (ಬಿ) ಮಾಡಬೇಕಾದ ಲೆಕ್ಕಗಳಲ್ಲಿ, ತಪ್ಪು ಸಂಖ್ಯೆಯಿಂದಲೇ ಸರಿಯಾದ ಹಾದಿಯಲ್ಲಿ ಮುಂದುವರಿದವರಿಗೆ (ಬಿ)ಯ ಅಂಕ ಕೊಡಿ. ಒಂದು ತಪ್ಪಿಗೆ ಎರಡು ಸಲ ದಂಡ ಯಾವ ನ್ಯಾಯ?

ವರ್ಷದ ಒಟ್ಟು ಅಂಕದಲ್ಲೂ ಇಂಥದೇ ಒಂದು ಕಳ್ಳ ಕೂತಿರುತ್ತಾನೆ. 80, 85, 90 ಪಡೆದ ಮಗು ಒಂದು ಯೋಜನೆ ಒಪ್ಪಿಸಲಿಲ್ಲವೆಂದು 0 ಹಾಕಿದರೆ ಸರಾಸರಿ 63.75. ಆ ಮಗು ಏನು ಕಲಿತಿದೆ ಎಂಬುದಕ್ಕೆ 63.75 ಉತ್ತರವಲ್ಲ. ಶಿಸ್ತು, ಹಾಜರಿ, ನೀಟುತನ ಬೇಕಾದರೆ ಬೇರೆ ಕಾಲಂನಲ್ಲಿ ಬರಲಿ.

ದೋಷ ಸಿಕ್ಕಿತು, ಅಂಕ ಆಗಲೇ ಹೇಳಿಯಾಗಿದೆ

ಕೀ ತಪ್ಪಿದ್ದರೆ ಎಲ್ಲರ ಪತ್ರಿಕೆ ಮತ್ತೆ ತಿದ್ದಿ, ಬೇರೆ ದಾರಿಯಿಲ್ಲ. ಎರಡು ಸರಿಯುತ್ತರ ಇದ್ದರೆ ಎರಡಕ್ಕೂ ಅಂಕ ಕೊಡಿ. ಪ್ರಶ್ನೆಯೇ ಕೆಟ್ಟಿದ್ದರೆ 'ಎಲ್ಲರಿಗೂ ಒಂದು ಅಂಕ' ಎನ್ನುವುದು ಸುಲಭ, ಆದರೆ ಅದರಿಂದ ಯಾರಿಗೂ ಬಾರದ ವಿಷಯ ಎಲ್ಲರಿಗೂ ಬಂದಂತೆ ದಾಖಲಾಗುತ್ತದೆ. ಆ ಪ್ರಶ್ನೆಯನ್ನು ತೆಗೆದು 20ರ ಬದಲು 19ಕ್ಕೆ ಅಂಕ ಲೆಕ್ಕ ಹಾಕುವುದು ಮೇಲು. ತೆಗೆಯುವ ಮೊದಲು ನೀಲನಕ್ಷೆ ನೋಡಿ. ತೆಗೆದದ್ದು ಒಂದು ಕಲಿಕಾ ಫಲಕ್ಕಿದ್ದ ಏಕೈಕ ಪ್ರಶ್ನೆಯಾಗಿದ್ದರೆ ಆ ಜಾಗವನ್ನು ಖಾಲಿ ಬಿಡಿ, 'ಸಾಧಿಸಿಲ್ಲ' ಎಂದೂ ಬರೆಯಬೇಡಿ, 'ಸಾಧಿಸಿದೆ' ಎಂದೂ ಬರೆಯಬೇಡಿ. ಮುಂದಿನ ಪೀರಿಯಡ್ ಶುರುವಿನಲ್ಲಿ ತಿದ್ದಿದ ಪ್ರಶ್ನೆಯನ್ನು ಚೀಟಿಯ ಮೇಲೆ ಕೊಟ್ಟು ಐದು ನಿಮಿಷದಲ್ಲಿ ಬರೆಸಿಕೊಂಡು ತುಂಬಿಸಿ.